"ಸುಮ್ನೆ ಇದ್ದಿದ್ದರೆ ಗೆಲ್ತಿದ್ದಿರಲ್ಲ?"

ಯೂನಿಯನ್ ಚುನಾವಣೆ ಮುಗಿದು ಎಷ್ಟೋ ಹಂಗಾಮು ಕಳೆದವು. ಆದರೂ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಹಳೆಯ ಗೆಳೆಯರು ಸಿಕ್ಕರೆ ಈ ಮಾತು ಬಂದೇ ಬರುತ್ತದೆ. "ಕಾಕಾ, ಅವತ್ತು ಗೇಟ್ ಮುಂದ ನಿಂತು ತಪ್ಪಾಗೇದ ಅಂತ ಯಾಕ ಒಪ್ಪಿಕೊಂಡ್ರಿ? ಸುಮ್ನ ಇದ್ದಿದ್ರ ಆರಿಸಿ ಬರ್ತಿದ್ರಿ."

ಹೌದು, ನಾನು ಸೋತೆ. ಕೇಳಿದವರಿಗೆಲ್ಲ ನಿಂತಲ್ಲೇ ಅರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಪೂರ್ತಿ ಉತ್ತರ ಇಲ್ಲಿದೆ.

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಪ್ಯಾನ್‌ಮನ್ ಆಗಿದ್ದೆ. ಕುದ್ದು ಗಟ್ಟಿಯಾದ ಕಬ್ಬಿನ ರಸದಲ್ಲಿ ಸಕ್ಕರೆ ಹರಳು ಕಟ್ಟುವುದನ್ನು ನೋಡಿಕೊಳ್ಳುವ ಕೆಲಸ. ಅದರ ಜೊತೆಗೆ ಎರಡು ಅವಧಿ ಯೂನಿಯನ್ ಕಾರ್ಯದರ್ಶಿ. ಮೂರನೇ ಸಲ ನಿಂತಾಗ ನನ್ನ ಎದುರು ನಿಂತವನು ಕಬ್ಬು ಅರೆಯುವ ಮಿಲ್ ಹೌಸ್‌ನ ಒಬ್ಬ ಫಿಟ್ಟರ್. ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಚುರುಕು.

ಮೊದಲು ಅವನು ಎತ್ತಿದ್ದು ದುಡ್ಡಿನ ಮಾತು. ವರ್ಗಣಿ ಹಣದಲ್ಲಿ ಕಾರ್ಯದರ್ಶಿ ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಾಡಿದ್ದಾರೆ ಅಂತ. ನನ್ನ ಕಡೆಯವರಿಗೆ ಸಿಟ್ಟು ಬಂತು. "ಲೆಕ್ಕ ಕೇಳಾಕ ಇವ ಯಾರು?" ಎಂದರು. ನಾನು ಹೇಳಿದೆ, ಅವನು ಸದಸ್ಯ, ಕೇಳುವವನು ಅವನೇ. ಆಗ ಜಾರಿಯಲ್ಲಿದ್ದದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆ. ಸಂಘದ ಲೆಕ್ಕದ ಪುಸ್ತಕವನ್ನೂ ಸದಸ್ಯರ ಪಟ್ಟಿಯನ್ನೂ ಯಾವ ಸದಸ್ಯ ಬೇಕಾದರೂ ನೋಡಬಹುದು ಎಂದು ಅದರ 20ನೇ ಕಲಂ ಹೇಳುತ್ತಿತ್ತು. ಪ್ರತಿ ವರ್ಷ ಡಿಸೆಂಬರ್ 31ರವರೆಗಿನ ಜಮಾ-ಖರ್ಚನ್ನು ಆಡಿಟ್ ಮಾಡಿಸಿ ರಿಜಿಸ್ಟ್ರಾರ್‌ಗೆ ಕಳಿಸಬೇಕಿತ್ತು. ನಾವು ಕಳಿಸಿದ್ದೆವು. ಆದರೆ ರಿಜಿಸ್ಟ್ರಾರ್ ಕಚೇರಿಗೆ ಹೋದ ಕಾಗದ ಬಾಯ್ಲರ್ ಮುಂದೆ ಬೆವರುವವನ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಅದಕ್ಕೇ ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಸಿದೆ. ಕೀರ್ದಿ ಪುಸ್ತಕ, ರಸೀದಿಗಳ ಫೈಲು, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲ ಅಲ್ಲಿಟ್ಟು ನಾಲ್ಕು ದಿನ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ಕುಳಿತೆ. ಕಾರಿನ ಖರ್ಚು ಯಾವ ಪುಟದಲ್ಲೂ ಇರಲಿಲ್ಲ. ಬೆಂಗಳೂರಿಗೆ ಹೋಗಿದ್ದು ಬಸ್ಸಿನಲ್ಲಿ, ಟಿಕೆಟ್ಟುಗಳು ಇದ್ದವು. ಆದರೆ ಸಕ್ಕರೆ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್‌ನ ಒಬ್ಬ ಹುಡುಗ ಬೆರಳಿಟ್ಟು ಹುಡುಕಿ, ಊಟದ ಖರ್ಚಿನಲ್ಲಿ ಎರಡು ಕಡೆ ರಸೀದಿ ಇಲ್ಲ ಎಂದು ತೋರಿಸಿದ. ನಿಜ, ಇರಲಿಲ್ಲ. ಅವನ ಎದುರಿಗೇ ಆ ಹಣವನ್ನು ನನ್ನ ಹೆಸರಿಗೆ ಬರೆದು ಕಟ್ಟಿದೆ. ಸಣ್ಣ ಮೊತ್ತ. ಆದರೆ ಅದು ಅವನ ಸಂಬಳದಿಂದ ಮುರಿದುಕೊಂಡ ದುಡ್ಡು.

ನನ್ನ ಮನೆಯವರ ಬಗ್ಗೆಯೂ ಮೊಬೈಲಿನಲ್ಲಿ ಏನೇನೋ ಓಡಾಡಿತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಫಿಟ್ಟರ್‌ನ ಸಾಲದ ಸುದ್ದಿಯನ್ನು ನಾವೂ ಹರಡೋಣ ಎಂದು ಬಂದವರನ್ನು ಅಲ್ಲೇ ತಡೆದೆ.

ಇನ್ನು ಒಪ್ಪಂದದ ಮಾತು. ಎಲ್ಲರೂ ಕೇಳುವುದು ಇದನ್ನೇ.

ಸಕ್ಕರೆ ಕಾರ್ಖಾನೆ ವರ್ಷವಿಡೀ ಕಬ್ಬು ನುರಿಸುವುದಿಲ್ಲ. ಅಕ್ಟೋಬರ್-ನವೆಂಬರ್‌ಗೆ ಹಂಗಾಮು ಶುರುವಾದರೆ ಬೇಸಿಗೆ ಬರುವಷ್ಟರಲ್ಲಿ ಮುಗಿಯುತ್ತದೆ. ಕಾಯಂ ನೌಕರರಿಗೆ ಹನ್ನೆರಡು ತಿಂಗಳೂ ಸಂಬಳ. ಸೀಜನಲ್ ನೌಕರರಿಗೆ ಹಂಗಾಮು ಮುಗಿದ ಮೇಲೆ ಸಿಗುವುದು ರಿಟೆನ್ಷನ್ ಅಲವೆನ್ಸ್, ಅಂದರೆ ಸಂಬಳದ ಒಂದು ಪಾಲು ಮಾತ್ರ. ಮುಂದಿನ ಹಂಗಾಮಿಗೆ ಮತ್ತೆ ಬನ್ನಿ ಎಂದು ಕೊಡುವ ಹಣ ಅದು. ಮಳೆಗಾಲ ಪೂರ್ತಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿನಲ್ಲಿ, ಎಷ್ಟೋ ಮನೆಗಳು ನಡೆಯುವುದು ಅದರ ಮೇಲೆ.

ನಮ್ಮ ಬೇಡಿಕೆ ಪಟ್ಟಿಯಲ್ಲಿ ಅದನ್ನು ಹೆಚ್ಚಿಸಬೇಕು ಎಂದು ಬರೆದಿದ್ದೆವು. ಕಾರ್ಮಿಕ ಅಧಿಕಾರಿಯ ಮುಂದೆ ಮಾತುಕತೆ ರಾತ್ರಿಯವರೆಗೂ ಎಳೆಯಿತು. ಆಡಳಿತದವರು ಮೂಲ ವೇತನ ಏರಿಸಲು ಒಪ್ಪಿದರು, ರಿಟೆನ್ಷನ್ ಮಾತ್ರ ಮುಟ್ಟಬೇಡಿ ಎಂದರು. ಇವತ್ತು ಸಹಿ ಆಗದಿದ್ದರೆ ಇದೂ ಇಲ್ಲ ಎಂದರು. ನಾನು ಸಹಿ ಹಾಕಿದೆ. ಸರ್ವಸಾಧಾರಣ ಸಭೆ ಕರೆಯಲಿಲ್ಲ. ಮರುದಿನ ಕರೆದು ಕೇಳಿ ಬರುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ.

1947ರ ಕೈಗಾರಿಕಾ ವಿವಾದ ಕಾಯ್ದೆಯ 12(3)ನೇ ಕಲಂ ಪ್ರಕಾರ ಆದ ಒಪ್ಪಂದ ಅದು. ಅಧಿಕಾರಿಯ ಮುಂದೆ ಹಾಗೆ ಆದ ಒಪ್ಪಂದ ನಮ್ಮ ಸದಸ್ಯರಿಗಷ್ಟೇ ಅಲ್ಲ, ಇಡೀ ಕಾರ್ಖಾನೆಯ ಕಾರ್ಮಿಕರಿಗೆ ಅನ್ವಯ. ಯೂನಿಯನ್‌ಗೆ ಸೇರದವನಿಗೂ, ನಾಳೆ ಕೆಲಸಕ್ಕೆ ಬರುವ ಹುಡುಗನಿಗೂ. ಅಷ್ಟೂ ಜನರ ಪರವಾಗಿ ನಾನೊಬ್ಬ ಪೆನ್ನು ಹಿಡಿದಿದ್ದೆ.

ಫಿಟ್ಟರ್ ಅದನ್ನೇ ಹಿಡಿದ. "ಕಾಯಂ ನೌಕರರಿಗಾಗಿ ಸೀಜನಲ್ ನೌಕರರನ್ನು ಮಾರಿದರು" ಎಂದ. ಮಾರಿದೆ ಅನ್ನುವುದು ಸುಳ್ಳು. ಆದರೆ ಬಿಟ್ಟುಕೊಟ್ಟದ್ದು ನಿಜ, ಕೇಳದೆ ಬಿಟ್ಟುಕೊಟ್ಟದ್ದು ಇನ್ನೂ ನಿಜ. ಸಂಜೆ 4ಕ್ಕೆ ಗೇಟ್ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: "ಸಂಬಳ ಹೆಚ್ಚಾಗಿದ್ದು ಒಳ್ಳೆಯದೇ. ಆದರೆ ರಿಟೆನ್ಷನ್ ಬಿಡುವ ಮೊದಲು ನಿಮ್ಮನ್ನು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು." ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರು ದಿನ ಬಿಟ್ಟು ಮತದಾನ.

ಸುಮ್ಮನೆ ಇದ್ದಿದ್ದರೆ ಗೆಲ್ಲುತ್ತಿದ್ದೆನೇನೋ. ಸೀಜನಲ್ ನೌಕರರಲ್ಲಿ ಅರ್ಧ ಜನ ಒಪ್ಪಂದದ ಕಾಗದ ಓದಿರಲೇ ಇಲ್ಲ. ಅದೇ ನನ್ನನ್ನು ಕಾಡಿದ್ದು. ಅವರಿಗೆ ಗೊತ್ತಿಲ್ಲ ಎಂಬುದರ ಮೇಲೆ ಗೆದ್ದು ಬಂದು ಆ ಕುರ್ಚಿಯಲ್ಲಿ ಹೇಗೆ ಕೂರಲಿ?

ಇನ್ನೊಂದು ಕಾರಣ ನಮ್ಮ ಭಾಗದವರಿಗೆ ಬೇಗ ತಿಳಿಯುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ಗಾಡಿಯಲ್ಲೇ ನಿಂತರೆ ಒಣಗಿ ತೂಕ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಬೀಳುತ್ತದೆ. ಹಂಗಾಮಿನಲ್ಲಿ ನಾವು ಕೆಲಸ ನಿಲ್ಲಿಸಿದರೆ ಆಡಳಿತಕ್ಕೆ ಪೆಟ್ಟು ಬೀಳುತ್ತದೆ, ನಿಜ. ಆದರೆ ಗೇಟಿನ ಹೊರಗೆ ಸಾಲಾಗಿ ನಿಂತ ಟ್ರ್ಯಾಕ್ಟರುಗಳಲ್ಲಿ ಇರುವುದು ನಮ್ಮ ಅಣ್ಣತಮ್ಮಂದಿರ, ಮಾವಂದಿರ ಕಬ್ಬು. ಹಾಗಾಗಿ ಮುಷ್ಕರ ಅನ್ನುವ ಆಯುಧವನ್ನು ನಾವು ಸುಲಭಕ್ಕೆ ಎತ್ತುವ ಹಾಗಿಲ್ಲ. ಮಾತುಕತೆಯ ಮೇಜಿನಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಒಂದೇ. ಕಾರ್ಯದರ್ಶಿ "ಎಲ್ಲರೂ ನನ್ನ ಹಿಂದೆ ಇದ್ದಾರೆ" ಎಂದಾಗ ಆಡಳಿತದವರು ಅದನ್ನು ನಂಬಬೇಕು. ಸೀಜನಲ್ ನೌಕರರು ಒಳಗೊಳಗೇ ಮುನಿಸಿಕೊಂಡಿದ್ದರೆ ಮ್ಯಾನೇಜರ್‌ಗೆ ಅದು ನಮಗಿಂತ ಮೊದಲೇ ಗೊತ್ತಾಗಿರುತ್ತದೆ.

ಈಗ ಕಾನೂನೂ ಬದಲಾಗಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ ಮಸ್ಟರ್ ರೋಲಿನ, ಅಂದರೆ ಕಾರ್ಖಾನೆಯ ಹಾಜರಿ ಪಟ್ಟಿಯ, 100ರಲ್ಲಿ 51 ಜನರ ಬೆಂಬಲ ಇರುವ ಯೂನಿಯನ್ ಇದ್ದರೆ ಅದೊಂದೇ ಮಾತುಕತೆಗೆ ಕೂರುತ್ತದೆ. ಸೀಜನಲ್ ನೌಕರರ ಮುನಿಸನ್ನು ಬದಿಗೆ ಸರಿಸಿ 51 ಹೇಗೆ ತರುತ್ತೀರಿ?

ಫಿಟ್ಟರ್ ಕಾರ್ಯದರ್ಶಿಯಾದ. ಮುಂದಿನ ಒಪ್ಪಂದದ ಹೊತ್ತಿಗೆ ನಾನು ನಿವೃತ್ತಿಗೆ ಹತ್ತಿರ ಬಂದಿದ್ದೆ. ಸಹಿಗೆ ಮೊದಲು ಅವನು ಕರಡನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ, ಸಭೆ ಕರೆದ. ರಿಟೆನ್ಷನ್ ಹೆಚ್ಚಾಗಿತ್ತು, ನಾವು ಹಿಂದೆ ಕೇಳಿದ್ದಕ್ಕಿಂತ ಕಡಿಮೆ. ನಾನು ಎದ್ದು ನಿಂತು, ಯಾಕೆ ಇಷ್ಟಕ್ಕೇ ನಿಲ್ಲಿಸಿದಿ ಎಂದು ಕೇಳಿದೆ. ಅವನು ಕುಳಿತಲ್ಲಿಂದ ಎದ್ದು, "ಹೇಳ್ತೀನಿ ಕಾಕಾ" ಎಂದು ಲೆಕ್ಕ ಬಿಡಿಸತೊಡಗಿದ. ಪಾಳಿಯ ಭೋಂಗಾ ಕೂಗಿದರೂ ಯಾರೂ ಏಳಲಿಲ್ಲ.