ಗಿರ್ ಸಿಂಹವನ್ನು ನಮ್ಮ ಕಾಡಿಗೆ ತರಬಾರದೇ?

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮೂವತ್ತು ವರ್ಷ ದನದ ಡಾಕ್ಟರಾಗಿದ್ದು ನಿವೃತ್ತನಾದವನು ನಾನು. ಕಾಡುಪ್ರಾಣಿಗಳ ಬಗ್ಗೆ ಓದುವ ಚಟವಿದೆ ಎಂಬುದು ಊರಿಗೆ ಗೊತ್ತಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿಯೂ ಅಡಿಕೆ ಸೊಸೈಟಿಯ ಜಗಲಿಯಲ್ಲಿಯೂ ಒಂದೇ ಪ್ರಶ್ನೆ ಕಾದಿರುತ್ತದೆ: “ಡಾಕ್ಟರೇ, ಗುಜರಾತಿನಲ್ಲಿ ಸಿಂಹಗಳು ಹಿಡಿಸಲಾರದಷ್ಟು ಆಗಿವೆಯಂತೆ. ಒಂದು ಹತ್ತನ್ನು ನಮ್ಮ ಕಾಳಿ ಕಾಡಿಗೆ ತಂದು ಬಿಡಬಾರದೇ? ಹಂದಿಯ ಕಾಟವಾದರೂ ತಪ್ಪೀತು.” ಇತಿಹಾಸ ಬಲ್ಲವರು ಬನವಾಸಿಯ ಕದಂಬರ ಲಾಂಛನವೇ ಸಿಂಹವಾಗಿತ್ತು ಎಂದು ಸಾಕ್ಷಿಯನ್ನೂ ಒದಗಿಸುತ್ತಾರೆ.

ಇಲ್ಲಿಗೆ ಬೇಡ. ಸಿಂಧ್‌ನಿಂದ ಬಿಹಾರದವರೆಗೆ ಹಬ್ಬಿದ್ದ ಸಿಂಹ ನರ್ಮದೆಯನ್ನು ದಾಟಿ ದಕ್ಷಿಣಕ್ಕೆ ಬಂದ ದಾಖಲೆಯಿಲ್ಲ. ಲಾಂಛನಕ್ಕೆ ಕಾಡು ಬೇಕಾಗುವುದಿಲ್ಲ. ಯಕ್ಷಗಾನದ ದೇವಿ ಪ್ರಸಂಗದಲ್ಲಿ ರಂಗದ ಮೇಲೆ ಹಾರುವ ಸಿಂಹವೂ ವೇಷ ಕಟ್ಟುವ ಚೌಕಿಯಿಂದಲೇ ಬರುತ್ತದೆ. ಕುರುಚಲು ಕಾಡು, ಹುಲ್ಲುಗಾವಲು, ಗುಂಪಾಗಿ ಬೇಟೆಯಾಡಲು ಬಯಲು ಬೇಕಾದ ಪ್ರಾಣಿಯನ್ನು ತಂದು ಆಷಾಢದ ಮಳೆಯಲ್ಲಿ ಅಣಶಿ ಘಟ್ಟದ ಮೇಲೆ ನಿಲ್ಲಿಸಿದರೆ ಅದು ಏನು ಮಾಡೀತು? ಅಲ್ಲಿ ಆಗಲೇ ಹುಲಿ, ಚಿರತೆಗಳ ಸಂಸಾರವಿದೆ. ಸಿಂಹವೇ ಬೇಕೆಂಬ ಹಟವಿದ್ದರೆ ಅಘನಾಶಿನಿ ಕಣಿವೆಯ ಸಿಂಗಳೀಕವನ್ನು ನೋಡಬಹುದು. ಬಾಲ ಮಾತ್ರ ಸಿಂಹದ್ದು, ಆದರೆ ಅದು ನಮ್ಮದೇ.

ಇಷ್ಟಾದರೂ ಆ ಪ್ರಶ್ನೆಯನ್ನು ನಾನು ನಕ್ಕು ತಳ್ಳುವುದಿಲ್ಲ. ಗುಜರಾತಿನ ಸಿಂಹಗಳಲ್ಲಿ ಕೆಲವನ್ನಾದರೂ ಬೇರೆಲ್ಲಿಗಾದರೂ ಒಯ್ಯಬೇಕು ಎಂಬ ಅರ್ಧ ಭಾಗ ಸರಿಯಾಗಿಯೇ ಇದೆ. 2020ರಲ್ಲಿ 674 ಇದ್ದ ಸಿಂಹಗಳು 2025ರ ಗಣತಿಯಲ್ಲಿ 891 ಆದವು. ಒಂದು ಕಾಲಕ್ಕೆ ಜುನಾಗಢದ ನವಾಬರು ಬೇಟೆ ತಡೆಯದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಆ ಬೆರಳೆಣಿಕೆಯ ಪ್ರಾಣಿಗಳಿಂದ ಇಲ್ಲಿಗೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಎಲ್ಲವೂ ಅದೇ ಕೆಲವು ಪ್ರಾಣಿಗಳ ಸಂತಾನ, ಎಲ್ಲವೂ ಸೌರಾಷ್ಟ್ರವೆಂಬ ಒಂದೇ ಅಂಗಳದಲ್ಲಿ. ಗೊನೆ ತುಂಬಿದ ತೋಟವನ್ನು ನೋಡಿ ಅಡಿಕೆ ಬೆಳೆಗಾರ ಆಷಾಢದಲ್ಲಿ ಹಿಗ್ಗುವುದಿಲ್ಲ. ಕೊಳೆರೋಗ ಬಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತು.

ಗಿರ್‌ನಲ್ಲಿ ಕೊಳೆ ಬಿದ್ದದ್ದು 2018ರ ಸೆಪ್ಟೆಂಬರಿನಲ್ಲಿ. ದಲಖಾಣಿಯಾ ವಲಯವೊಂದರಲ್ಲೇ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಎರಡು: ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್, ಮತ್ತು ಉಣುಗಿನಿಂದ ಹರಡುವ ಬೇಬಿಸಿಯಾ. ನಮ್ಮ ಜರ್ಸಿ ದನಗಳ ಮೂತ್ರ ಕೆಂಪಾಗಿಸುವ ರೋಗಾಣುವಿನ ಬಳಗದ್ದೇ ಈ ಬೇಬಿಸಿಯಾ. ಇವೆರಡೂ ಕೂಡಿದರೆ ಏನಾಗುತ್ತದೆ ಎಂಬುದು ಆಫ್ರಿಕದಲ್ಲಿ ಮೊದಲೇ ಕಂಡಿತ್ತು. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತುಹೋದವು. ಬರಗಾಲದಲ್ಲಿ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣುಗು, ಆ ಎಮ್ಮೆಗಳನ್ನು ತಿಂದ ಸಿಂಹಗಳ ರಕ್ತದಲ್ಲಿ ಬೇಬಿಸಿಯಾ, ಅದೇ ಹೊತ್ತಿಗೆ ಮೈಯ ಕಸುವನ್ನು ಅಡಗಿಸುವ ವೈರಸ್. ಒಂದೊಂದಾಗಿ ಬಂದಿದ್ದರೆ ಬಹಳಷ್ಟು ಪ್ರಾಣಿಗಳು ತಾಳಿಕೊಳ್ಳುತ್ತಿದ್ದವು. ಮಂಗನ ಕಾಯಿಲೆ ಕಂಡ ಸಿದ್ದಾಪುರದವರಿಗೆ ಉಣುಗಿನ ಮಹಿಮೆಯನ್ನು ನಾನು ವಿವರಿಸಬೇಕಿಲ್ಲ. ಸಿಂಹಗಳನ್ನು ಕಾಯುವುದೆಂದರೆ ಕಾಡಂಚಿನ ಊರಿನ ನಾಯಿಗಳಿಗೆ ಲಸಿಕೆ ಹಾಕುವುದೂ ಹೌದು. ಇದು ಫೋಟೋ ತೆಗೆಸಿಕೊಳ್ಳುವಂಥ ಕೆಲಸವಲ್ಲವಾದ್ದರಿಂದ ಭಾಷಣಗಳಲ್ಲಿ ಬರುವುದಿಲ್ಲ.

ಇದನ್ನೆಲ್ಲ ಮೊದಲೇ ಊಹಿಸಿದವರು ಮಧ್ಯಪ್ರದೇಶದ ಕೂನೋ ಕಾಡನ್ನು ಎರಡನೆಯ ಮನೆಯೆಂದು ಆರಿಸಿದ್ದರು. ಅದಕ್ಕಾಗಿ 24 ಹಳ್ಳಿಗಳು ಎದ್ದುಹೋದವು. ಆರು ತಿಂಗಳೊಳಗೆ ಸಿಂಹಗಳನ್ನು ಕಳಿಸಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಸಿಂಹ ಬರಲಿಲ್ಲ, 2022ರಲ್ಲಿ ನಮೀಬಿಯಾದಿಂದ ಚೀತಾ ಬಂತು. ಸಿಂಹ ನಮ್ಮ ರಾಜ್ಯದ ಹೆಮ್ಮೆ ಎಂಬ ಮಾತು ಸಿಂಹಕ್ಕೇ ಮುಳುವಾಯಿತು ಎಂದು ನನ್ನ ಅಭಿಪ್ರಾಯ. ಪೋರಬಂದರಿನ ಹತ್ತಿರದ ಬರಡಾ ಕಾಡಿನಲ್ಲಿ ಈಗ ಸಿಂಹಗಳು ನೆಲೆಸಿವೆ, ಒಳ್ಳೆಯದೇ. ಆದರೆ ಅದು ಗಿರ್‌ನಿಂದ ಸುಮಾರು ನೂರು ಕಿಲೋಮೀಟರು. ಒಂದೇ ಮನೆಯ ಇನ್ನೊಂದು ಕೋಣೆ.

ಒಯ್ದು ಬಿಟ್ಟರೆ ಮುಗಿಯಿತು ಎನ್ನುವವರಿಗೆ ಉತ್ತರಪ್ರದೇಶದ ಚಂದ್ರಪ್ರಭಾ ಕಾಡಿನ ಕತೆ ಹೇಳುತ್ತೇನೆ. 1957ರಲ್ಲಿ ಅಲ್ಲಿಗೆ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ಒಯ್ದರು. ಎಂಟು ವರ್ಷಗಳಲ್ಲಿ ಅವು ಹನ್ನೊಂದಾದವು. ಆಮೇಲೆ ಒಂದೂ ಕಾಣಲಿಲ್ಲ. ಸುತ್ತಲಿನ ಜನರೊಡನೆ ಮಾತನಾಡದೆ ಬಿಟ್ಟ ಪ್ರಾಣಿಗೆ ಗುಂಡು, ವಿಷ ಎರಡೂ ಹತ್ತಿರವೇ ಇರುತ್ತವೆ.

ವಿಷದ ವಿಷಯದಲ್ಲಿ ಆಫ್ರಿಕಕ್ಕೂ ನಮ್ಮ ಘಟ್ಟಕ್ಕೂ ಅಂಥ ದೂರವಿಲ್ಲ. ಅಲ್ಲಿ ಈಗ ಉಳಿದಿರುವ ಕಾಡುಸಿಂಹಗಳು ಇಪ್ಪತ್ತು ಸಾವಿರದ ಆಸುಪಾಸು. ಜಿಂಕೆಗೆಂದು ಇಟ್ಟ ತಂತಿ ಉರುಳಿಗೆ ಸಿಂಹವೂ ಸಿಗುತ್ತದೆ; ಹಸು ಕಳೆದುಕೊಂಡವನು ಹೆಣಕ್ಕೆ ಕೀಟನಾಶಕ ಬೆರೆಸಿದರೆ ಸಿಂಹದ ಜೊತೆಗೆ ರಣಹದ್ದುಗಳೂ ಸಾಯುತ್ತವೆ. ಕೆನ್ಯಾದಲ್ಲಿ 2007ರಿಂದ ಮಸಾಯಿ ಬುಡಕಟ್ಟಿನ ಯುವಕರನ್ನೇ ‘ಲಯನ್ ಗಾರ್ಡಿಯನ್ಸ್’ ಎಂದು ನೇಮಿಸಿದ್ದಾರೆ. ಹಿಂದೆ ಸಿಂಹವನ್ನು ಕೊಂದು ಗಂಡಸುತನ ತೋರುತ್ತಿದ್ದವರ ಮಕ್ಕಳು ಈಗ ಹೆಜ್ಜೆಗುರುತು ಹಿಡಿದು ಹೋಗಿ, ಇವತ್ತು ದನಗಳನ್ನು ಆ ಕಡೆ ಹೊಡೆಯಬೇಡಿ ಎಂದು ದನ ಕಾಯುವವರಿಗೆ ತಿಳಿಸುತ್ತಾರೆ. ನಾನು ಓದಿದ ಯೋಜನೆಗಳಲ್ಲೆಲ್ಲ ಇದು ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ಕಾರಣವಿದೆ. ಒಮ್ಮೆ ಸಿದ್ದಾಪುರದ ಕಡೆ, ಸೊಪ್ಪಿನ ಬೆಟ್ಟದ ಅಂಚಿನ ಮನೆಯೊಂದಕ್ಕೆ ಚಿರತೆ ಹಿಡಿದ ಕರುವಿನ ಮರಣೋತ್ತರ ಪರೀಕ್ಷೆಗೆ ಹೋಗಿದ್ದೆ. ಕುತ್ತಿಗೆಯ ಮೇಲೆ ಕೋರೆಹಲ್ಲಿನ ನಾಲ್ಕು ತೂತು, ಅನುಮಾನವೇ ಇರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಬಾಳೆಗೆ ಹಾಕುವ ಹರಳು ಔಷಧಿಯ ಚೀಲ ಒರಗಿತ್ತು. ಮನೆಯ ಅಮ್ಮ ಅದನ್ನು ನಾನು ನೋಡಿದ್ದನ್ನು ನೋಡಿದರು. “ಹಾಕುವುದಿಲ್ಲ ಡಾಕ್ಟರೇ, ನೀವು ಕಾಗದ ಬರೆದುಕೊಡಿ” ಎಂದರು. ಅಲ್ಲೇ ಕುಳಿತು ಬರೆದುಕೊಟ್ಟೆ. ಅವರು ಮಾತು ಉಳಿಸಿಕೊಂಡರು, ಕರುವನ್ನು ನನ್ನೆದುರೇ ಹೂಳಿಸಿದರು. ಪರಿಹಾರದ ಹಣ ಬಂದದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಅವರು ಉಳಿದ ಎರಡು ದನಗಳನ್ನೂ ಮಾರಿ ಕೊಟ್ಟಿಗೆಯಲ್ಲಿ ಕಟ್ಟಿಗೆ ಒಟ್ಟಿದ್ದರು.