ಗ್ವಾದಲಿ ಮೂಲೆಯಲ್ಲಿ ಹುಟ್ಟುವ ನೊಣ

ಭಾನುವಾರ, 11 ಆಗಸ್ಟ್ 2024
ಧಾರವಾಡ

ಪಂಚಮಿ ಮುಗಿದು ಎರಡು ದಿನವಾಯಿತು. ಆಶ್ಲೇಷ ಮಳೆಯ ಕಾಲ. ಈ ದಿನಗಳಲ್ಲಿ ಎಮ್ಮೆ ನಿಂತಲ್ಲಿ ನಿಲ್ಲುವುದಿಲ್ಲ. ಮುಂಗಾಲು ಎತ್ತೆತ್ತಿ ಬಡಿಯುತ್ತದೆ, ಹಿಂಡಲು ಕೂತವರ ಮೋರೆಗೆ ಬಾಲ ಬೀಸುತ್ತದೆ, ಹಾಲು ಪೂರ್ತಿ ಇಳಿಸುವುದಿಲ್ಲ. ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೂ ಹಿಮ್ಮಡದ ಮೇಲೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಗುಂಗಾಡ, ಅಂದರೆ ಸೊಳ್ಳೆ, ಕಡಿಯಿತು ಅಂದುಕೊಂಡು ಕೈ ಬೀಸುತ್ತಾರೆ. ಹಗಲು ಹನ್ನೊಂದಕ್ಕೆ ಹಿಮ್ಮಡಕ್ಕೆ ಹೀಗೆ ಚುಚ್ಚುವುದು ಬಹುತೇಕ ಕೊಟ್ಟಿಗೆ ನೊಣವೇ.

ನೋಡಲು ಅದು ಮನೆನೊಣದ ತದ್ರೂಪ. ಗುರುತು ಬಾಯಿಯಲ್ಲಿದೆ. ಮನೆನೊಣದ ಸೊಂಡಿಲು ಮೆತ್ತಗೆ ಕೆಳಗೆ ಇಳಿಬಿದ್ದಿರುತ್ತದೆ. ಇದರದ್ದು ಕಪ್ಪು ಸೂಜಿಯಂತೆ ತಲೆಯ ಮುಂದಕ್ಕೆ ಚಾಚಿರುತ್ತದೆ. ಗೋಡೆಯ ಮೇಲೆ ಕೂತಾಗ ಸಾಮಾನ್ಯವಾಗಿ ತಲೆ ಮೇಲಕ್ಕಿರುತ್ತದೆ. ಗುಂಗಾಡದಲ್ಲಿ ಹೆಣ್ಣು ಮಾತ್ರ ಕಡಿದರೆ, ಇದರಲ್ಲಿ ಗಂಡೂ ಹೆಣ್ಣೂ ಎರಡೂ ರಕ್ತ ಹೀರುತ್ತವೆ. ಈ ಗುರುತು ಗೊತ್ತಿಲ್ಲದೆ ಬಹಳ ಕಡೆ ದುಡ್ಡು ಹಾಳಾಗುತ್ತದೆ. ಬೆಲ್ಲ ಬೆರೆಸಿದ ನೊಣದ ಮದ್ದು ಇಟ್ಟರೆ ಮನೆನೊಣ ರಾಶಿ ರಾಶಿ ಸತ್ತು ಬೀಳುತ್ತವೆ, ಎಮ್ಮೆ ಮಾತ್ರ ಕಾಲು ಬಡಿಯುತ್ತಲೇ ಇರುತ್ತದೆ. ರಕ್ತಕ್ಕೆ ಬಂದ ನೊಣವನ್ನು ಬೆಲ್ಲ ಸೆಳೆಯುವುದಿಲ್ಲ.

ಎಷ್ಟಿವೆ ಎಂದು ತಿಳಿಯಲು ದನದ ಮುಂಗಾಲು ನೋಡಬೇಕು. ನಾಲ್ಕೈದು ದನಗಳ ಮುಂಗಾಲಿನ ಮೇಲೆ ಕೂತ ನೊಣ ಎಣಿಸಿ. ಕಾಲಿಗೆ ಸರಾಸರಿ ಐದು ದಾಟಿದರೆ ಹಾಲಿಗೆ ಪೆಟ್ಟು ಬೀಳುವ ಮಟ್ಟ ಮುಟ್ಟಿದೆ ಎಂದರ್ಥ. ಹಾಲಿಗಿಂತ ದೊಡ್ಡ ಆತಂಕ ರೋಗದ್ದು. 2022ರಲ್ಲಿ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ದನಗಳನ್ನು ನರಳಿಸಿದ ಚರ್ಮಗಂಟು ರೋಗದ ವೈರಸ್ಸನ್ನು ಒಂದು ದನದಿಂದ ಇನ್ನೊಂದಕ್ಕೆ ಒಯ್ಯುವುದರಲ್ಲಿ ಗುಂಗಾಡ, ಉಣ್ಣಿಗಳ ಜೊತೆ ಈ ನೊಣಕ್ಕೂ ಪಾಲಿದೆ. ಒಂದು ದನದ ಮೇಲೆ ಅರ್ಧ ಹೀರುವಾಗ ಬಾಲ ಬಡಿದರೆ ಅದೇ ಹಸಿ ಬಾಯಿಯಲ್ಲಿ ಪಕ್ಕದ ದನಕ್ಕೆ ಹಾರುತ್ತದೆ.

ಇದು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಎಲ್ಲರೂ ತಿಪ್ಪೆಯ ಕಡೆ ಬೆರಳು ತೋರಿಸುತ್ತಾರೆ. ಬರೀ ಸಗಣಿಗಿಂತ ಇದಕ್ಕೆ ಬಲು ಇಷ್ಟ ಗಂಜಲದಲ್ಲಿ ನೆನೆದು ಕೊಳೆತ ಮೇವು. ಗ್ವಾದಲಿಯ (ದನಕ್ಕೆ ಮೇವು ಹಾಕುವ ತೊಟ್ಟಿಯ) ಕೆಳಗಿನ ಮೂಲೆಯಲ್ಲಿ ದನ ಚೆಲ್ಲಿದ ಕಣಕಿ, ನೀರಿನ ಬಾನಿಯ ಸುತ್ತಲಿನ ಕೆಸರು, ಬಣವೆಯ ಬುಡದಲ್ಲಿ ಮಳೆನೀರು ಕುಡಿದ ಒಂದು ಗೇಣು ಸೊಪ್ಪೆ, ಇವೇ ಅದರ ತೌರು. ಒಂದು ಕಡ್ಡಿ ತೆಗೆದುಕೊಂಡು ಎರಡು ಇಂಚು ಕೆದಕಿದರೆ ಸಾಕು. ಕೆನೆಬಣ್ಣದ ಹುಳ ಕಂಡರೆ ಅದನ್ನು ಎಳೆದು ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಬಹುದು, ಪಸೆ ಇಲ್ಲದೆ ಹುಳ ಬದುಕುವುದಿಲ್ಲ. ಗೋಧಿಕಾಳಿನಂಥ ಕಂದು ಕೋಶಗಳು ಕಂಡರೆ ಒಣಗಿಸುವ ಕಾಲ ಮೀರಿತು, ಒಣಗಿದರೂ ಅದರೊಳಗಿನ ನೊಣ ಹೊರಬೀಳುತ್ತದೆ. ಅಂಥದ್ದನ್ನು ತಿಪ್ಪೆಯ ಹೊಟ್ಟೆಗೆ, ಕೈಗೆ ಬಿಸಿ ಹತ್ತುವ ಆಳಕ್ಕೆ ಹೂಳಬೇಕು.

ಈ ಸೆಖೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡರಿಂದ ಮೂರು ವಾರ ಬೇಕು. ಹಾಗಾಗಿ ವಾರಕ್ಕೆ ಎರಡು ಸಲ ಮೂಲೆಗಳನ್ನು ಸಲಿಕೆಯಿಂದ ಕೆರೆದು ತೆಗೆದರೆ ಸಂತತಿ ಕಡಿಯುತ್ತದೆ. ಒಂದು ವಾರ ಮಾಡಿ "ಏನೂ ಕಡಿಮೆ ಆಗಲಿಲ್ಲ" ಎಂದು ಬಿಡುವುದೇ ದೊಡ್ಡ ತಪ್ಪು. ಆಗ ಹಾರುತ್ತಿರುವವು ಮೊದಲೇ ಹುಟ್ಟಿದವು. ಫಲ ಕಾಣುವುದು ನಾಲ್ಕನೆಯ ವಾರದಲ್ಲಿ. ನೆಲದ ಇಳಿಜಾರು ಹತ್ತು ಅಡಿಗೆ ಎರಡು ಮೂರು ಇಂಚು ಇರಲೇಬೇಕು. ಇಲ್ಲದಿದ್ದರೆ ಗಂಜಲ ನಿಲ್ಲುತ್ತದೆ, ಎಷ್ಟು ಕೆರೆದರೂ ಸಾಲದು. ಮಳೆಯಲ್ಲಿ ಸಗಣಿ ಹರಡಿ ಒಣಗಿಸುವುದು ಆಗದ ಮಾತು. ಎತ್ತರಕ್ಕೆ ಒಟ್ಟಿ ತಾಡಪತ್ರಿ ಮುಚ್ಚಿ ಅಂಚಿಗೆ ಮಣ್ಣು ಹಾಕಿ. ನಡುವಿನ ಕಾವಿಗೆ ಹುಳ ಸಾಯುತ್ತವೆ, ಬದುಕುವುದು ತಣ್ಣಗಿರುವ ಹೊರಪದರದಲ್ಲಿ. ಆದ್ದರಿಂದ ವಾರಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ತಿರುವಬೇಕು.

ಅಂಟಿನ ಹಲಗೆ ಕಟ್ಟುವವರು ಅದನ್ನು ತೊಲೆಗೆ ತೂಗುಹಾಕುತ್ತಾರೆ. ಈ ನೊಣ ಕೆಳಗೆ ಹಾರುತ್ತದೆ, ಹಲಗೆ ನೆಲದಿಂದ ಒಂದರಿಂದ ಮೂರು ಅಡಿ ಎತ್ತರದಲ್ಲಿ ಬಿಸಿಲು ಬೀಳುವ ಕಡೆ ಇರಬೇಕು. ದನದ ಮೈಗೆ ಸಿಂಪಡಿಸುವ ಔಷಧದ ಅಳತೆಯನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಕಾಲಿಗೆ ಸರಿಯಾಗಿ ತಗಲದೆ ಬೆನ್ನಿಗಷ್ಟೇ ಹೊಡೆದ ಔಷಧ ವ್ಯರ್ಥ. ಮುಚ್ಚಿದ ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕಿದರೆ ನೊಣಕ್ಕಿಂತ ಮೊದಲು ಕರುವಿಗೆ ಕೆಮ್ಮು ಹತ್ತುತ್ತದೆ. ಅದರ ಬದಲು ಒಂದು ಫ್ಯಾನ್ ಹಾಕುವುದು ಮೇಲು, ಗುಂಗಾಡ ಮತ್ತು ನೊರಜು ಗಾಳಿಗೆ ನಿಲ್ಲುವುದಿಲ್ಲ.

ಕೆಲಸಗಾರರ ಕಾಲಿಗೆ ಮೀನಖಂಡದವರೆಗಿನ ಗಂಬೂಟು, ಪ್ಯಾಂಟು ಅದರೊಳಗೆ. ತೆಳು ಸಾಕ್ಸಿನ ಮೂಲಕ ಸೂಜಿ ಸಲೀಸಾಗಿ ಇಳಿಯುತ್ತದೆ. ಸಂಜೆಯ ಗುಂಗಾಡಕ್ಕೆ 100 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಮಿ.ಲೀ. ಬೇವಿನ ಎಣ್ಣೆ ಬೆರೆಸಿ ಹಚ್ಚಬಹುದು, ಬೆವತಾಗ ಮತ್ತೆ ಹಚ್ಚಬೇಕು. ಮೊದಲ ಸಲ ಮುಂಗೈಯಲ್ಲಿ ರೂಪಾಯಿಯಗಲ ಹಚ್ಚಿ ಒಂದು ದಿನ ಕಾಯಿರಿ. ಹಳ್ಳದ ದಂಡೆಯ ಕುದುರೆ ನೊಣಕ್ಕೆ ಇಂಥ ಲೇಪಗಳು ಅಷ್ಟಾಗಿ ನಡೆಯುವುದಿಲ್ಲ. ಅದು ಕಣ್ಣಿನಿಂದ ಹುಡುಕುತ್ತದೆ, ಕಪ್ಪಾಗಿ ಅಲುಗಾಡುವುದರ ಮೇಲೆ ಎರಗುತ್ತದೆ. ತಿಳಿ ಬಣ್ಣದ ಬಟ್ಟೆಯೇ ಅದಕ್ಕೆ ಮದ್ದು.

ಕಡಿದ ಮೇಲೆ ಸೋಪು ನೀರು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ, ಕ್ಯಾಲಮೈನ್. ಸುಣ್ಣ, ತಂಬಾಕು, ಸೀಮೆಎಣ್ಣೆ ಖಂಡಿತ ಬೇಡ. ಮುಖ ಬಾತು ಉಸಿರು ಕಟ್ಟಿದರೆ ಏನನ್ನೂ ಹಚ್ಚುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ಮಳೆಗಾಲದ ಇನ್ನೊಂದು ಉಪದ್ರವ ಕಡಿಯುವುದೇ ಇಲ್ಲ. ಕಿತ್ತಳೆ ಕಪ್ಪು ಪಟ್ಟೆಯ, ಉದ್ದನೆಯ ಇರುವೆಯಂಥ ಒಂದು ಸಣ್ಣ ಜೀರುಂಡೆ, ಉದ್ದ ಒಂದು ಸೆಂಟಿಮೀಟರ್ ಒಳಗೆ. ರಾತ್ರಿ ಟ್ಯೂಬ್‌ಲೈಟಿಗೆ ಬಂದು ಕತ್ತಿನ ಮೇಲೆ ಬೀಳುತ್ತದೆ. ನಿದ್ದೆಗಣ್ಣಲ್ಲಿ ಉಜ್ಜಿದರೆ ಒಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಮೆತ್ತುತ್ತದೆ. ಉರಿ ಆಗಲೇ ಶುರುವಾಗುವುದಿಲ್ಲ. ಒಂದೆರಡು ದಿನದ ಮೇಲೆ ಬಾಸುಂಡೆಯಂಥ ಕೆಂಪು ಗೀರು, ಅದರ ಮೇಲೆ ನೀರುಗುಳ್ಳೆ. ಮೊಳಕೈ ಮಡಿಕೆಯಲ್ಲಿ ಆದರೆ ಮಡಚಿದಾಗ ಎದುರಿನ ಚರ್ಮಕ್ಕೂ ಅಚ್ಚು ಬೀಳುತ್ತದೆ. ಇದನ್ನು ಸರ್ಪಸುತ್ತು ಎಂದು ತಿಳಿದು ಕೆಮ್ಮಣ್ಣು ಬಳಿಸಿಕೊಂಡು ಬರುವವರಿದ್ದಾರೆ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಗುಳ್ಳೆಗೆ ಮೊದಲೇ ನೋವು ಬರುತ್ತದೆ, ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಗೊಂಚಲು ಗುಳ್ಳೆ ಏಳುತ್ತವೆ. ಮೈಮೇಲೆ ಹುಳ ಕಂಡರೆ ಉಫ್ ಎಂದು ಊದಿ, ಇಲ್ಲವೇ ಕಾಗದ ಒಡ್ಡಿ ಹತ್ತಿಸಿ. ಉಜ್ಜಿಯೇಬಿಟ್ಟಿದ್ದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಕೈಯನ್ನೂ ತೊಳೆಯಿರಿ, ಅದೇ ಬೆರಳು ಕಣ್ಣಿಗೆ ಹೋಗುತ್ತದೆ. ಹಾಸಿಗೆ ಮಾತ್ರ ದೀಪದ ಕೆಳಗೆ ಬೇಡ.

ನುಗ್ಗೆ ಮರದ ಬೊಡ್ಡೆಗೆ ಈಗ ಕಂಬಳಿಹುಳ ಗುಂಪಾಗಿ ಅಂಟಿರುತ್ತವೆ. ಕೂದಲು ಚುಚ್ಚಿದಾಗ ನೀರು, ಎಣ್ಣೆ ಎರಡೂ ಆಮೇಲೆ. ಮೊದಲು ಅಂಟುಪಟ್ಟಿ. ಒತ್ತಿ ಎಳೆಯಿರಿ, ಪ್ರತಿ ಸಲ ಹೊಸ ತುಂಡು, ನಾಲ್ಕೈದು ಸಲ. ಉಜ್ಜಿದರೆ ಕೂದಲು ಮುರಿದು ಒಳಗೇ ಉಳಿಯುತ್ತದೆ. ಪಂಜು ಹಿಡಿದು ಸುಡುವವರು ಗಾಳಿಯನ್ನು ಬೆನ್ನಿಗಿಟ್ಟುಕೊಳ್ಳಬೇಕು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರ ಕೈ ಉರಿಗೆ ಕ್ರಮ ಪೂರ್ತಿ ಬೇರೆ. ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ಎರಡು ಚಮಚ ಅಡುಗೆ ಎಣ್ಣೆ ಉಗುರಿನ ಸಂದಿಗೂ ಹೋಗುವಂತೆ ಎರಡು ನಿಮಿಷ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತಣ್ಣೀರಲ್ಲಿ ತೊಳೆಯಬೇಕು. ಬಿಸಿನೀರು ಉರಿಯನ್ನು ಕೆರಳಿಸುತ್ತದೆ, ಖಾರ ತಗಲಿದ ನರಕ್ಕೆ ಬೆಚ್ಚಗಿನದೂ ಸುಡುವಂತೆ ಅನಿಸುತ್ತದೆ. ಕಣ್ಣಿಗೆ ಮಾತ್ರ ಎಣ್ಣೆ ಬೇಡ, ಹದಿನೈದು ನಿಮಿಷ ಶುದ್ಧ ನೀರು ಹಾಕಿ. ಗದಗ ಕಡೆಯ ಕಡಲೆ ಹೊಲದಲ್ಲಿ ಇದರ ಉಲ್ಟಾ. ಕಡಲೆ ಸೊಪ್ಪಿನ ಹುಳಿ ಅಂದರೆ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ, ನೀರಲ್ಲಿ ಸಲೀಸಾಗಿ ಬಿಡುತ್ತದೆ. ಕಾಯಿ ಸಿಡಿಯದಿರಲೆಂದು ಇಬ್ಬನಿಯಲ್ಲೇ ಕೀಳುತ್ತಾರೆ, ಹುಳಿ ನೆನೆದ ಬಟ್ಟೆ ಮಧ್ಯಾಹ್ನದವರೆಗೆ ಕಾಲಿಗೆ ಅಂಟಿಕೊಂಡಿರುತ್ತದೆ. ಇಬ್ಬನಿ ಆರಿದ ಕೂಡಲೇ ಕಾಲು ತೊಳೆದು ಒಣ ಬಟ್ಟೆ ಉಟ್ಟರೆ ಬಿರುಕು ಬೀಳುವುದು ಬಹಳಷ್ಟು ತಪ್ಪುತ್ತದೆ.

ಕಾಂಗ್ರೆಸ್ ಕಸ ಕೀಳುವುದಿದ್ದರೆ ಈಗಲೇ, ಮಣ್ಣು ಹಸಿ ಇದ್ದಾಗ, ಹೂ ಬಿಡುವ ಮುಂಚೆ. ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತುಬಿಡಬೇಕು. ಅದರ ಅಲರ್ಜಿ ಮುಟ್ಟಿದ ಕಡೆಯಷ್ಟೇ ಬರುವುದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದು ಕಣ್ಣುರೆಪ್ಪೆ, ಕತ್ತು, ಮೊಳಕೈ ಮಡಿಕೆಯಲ್ಲಿ ಕೂರುತ್ತದೆ. ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಹೊಡೆದರೆ ಗಿಡ ಸುಡುತ್ತದೆ, ಆದರೆ ಅದು ರಸ್ತೆ ಬದಿಗೆ ಮಾತ್ರ. ಎರೆಹೊಲದ ಬದುವಿಗೆ ಉಪ್ಪು ಹಾಕಬಾರದು. ಒಮ್ಮೆ ಈ ಅಲರ್ಜಿ ಹತ್ತಿದವರು ಕಸ ಕೀಳುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳುವಾದವರನ್ನು ನೋಡಿದರೆ ಸಂಕಟವಾಗುತ್ತದೆ. ಎರಡು ವಾರದಲ್ಲಿ ಇಳಿಯದ ತುರಿಕೆಯನ್ನು ಚರ್ಮವೈದ್ಯರಿಗೆ ತೋರಿಸಬೇಕು, ಹೋಗುವಾಗ ಹಚ್ಚುತ್ತಿದ್ದ ಟ್ಯೂಬನ್ನೂ ಜೊತೆಗೆ ಒಯ್ಯಬೇಕು.