ಕನಕ ಪುಷ್ಯರಾಗ ಆನ್‌ಲೈನಲ್ಲಿ ಕೊಳ್ಳುವವರಿಗೆ: ಫೋಟೋ ಆಮೇಲೆ, ಮೊದಲು ಅಳತೆ

ಜಾತಕ ನೋಡಿದವರು "ಗುರುವಿಗೆ ಐದು ರತ್ತಿ ಕನಕ ಪುಷ್ಯರಾಗ ಹಾಕ್ಕೊಳ್ಳಿ" ಅಂದರೆ ಮೊದಲೆಲ್ಲ ಜನ ಗುರುತಿನ ಅಕ್ಕಸಾಲಿ ಆಚಾರ್ರ ಹತ್ತಿರ ಹೋಗುತ್ತಿದ್ದರು. ಈಗ ಕೈ ಫೋನಿಗೆ ಹೋಗುತ್ತದೆ. ಜೈಪುರದಿಂದ, ಶ್ರೀಲಂಕಾದ ರತ್ನಪುರ, ಬೇರುವಲದಿಂದ ಸಣ್ಣ ಸಣ್ಣ ವ್ಯಾಪಾರಿಗಳು ಬಿಡಿ ಹರಳುಗಳ ವಿಡಿಯೋ ಹಾಕುತ್ತಾರೆ. ಅಂಗಡಿ ಬಾಡಿಗೆ, ಆಳುಕಾಳಿನ ಸಂಬಳ ಇಲ್ಲದ ಇವರ ಹತ್ತಿರ ಒಳ್ಳೆಯ ಕಲ್ಲು ಒಳ್ಳೆಯ ಬೆಲೆಗೆ ಸಿಗುವುದುಂಟು. ಆದರೆ ಕೊಳ್ಳುವವರು ನೋಡುವುದು ಫೋಟೋ. ಹಳದಿ ಗಾಜು, ಸಿಟ್ರಿನ್ (ಹಳದಿ ಸ್ಫಟಿಕ), ಭಟ್ಟಿಯಲ್ಲಿ ಬೆಳೆಸಿದ ಕಲ್ಲು, ಅಸಲಿ ಪುಷ್ಯರಾಗ ನಾಲ್ಕೂ ಫೋಟೋದಲ್ಲಿ ಒಂದೇ. ಗಾಜು, ಸಿಟ್ರಿನ್ ಬೇರೆಯಾಗುವುದು ತೂಕ ಮತ್ತು ಅಳತೆಯಲ್ಲಿ; ಭಟ್ಟಿಯ ಕಲ್ಲಿಗೆ ಮಾತ್ರ ಭೂತಗನ್ನಡಿ, ಲ್ಯಾಬ್ ಬೇಕು. ಆದ್ದರಿಂದ ನನ್ನ ಸಲಹೆ ಒಂದೇ: ಬಣ್ಣ ನೋಡುವ ಮುಂಚೆ ಅಂಕಿ ಕೇಳಿ, ಆ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವಾ ನೋಡಿ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಬೇಕು. ನಿಘಂಟುಗಳಲ್ಲಿ ಪುಷ್ಯರಾಗ ಅಂದರೆ ಟೋಪಾಜ್ ಅಂತಲೂ ಇರುತ್ತದೆ. ನವರತ್ನದ ವ್ಯಾಪಾರದಲ್ಲಿ ದುಬಾರಿ ಬೆಲೆ ಕೊಟ್ಟು ಕೊಳ್ಳುವುದು ಹಳದಿ ನೀಲಮಣಿಯನ್ನು, ಅಂದರೆ ಯೆಲ್ಲೊ ಸಫೈರನ್ನು. ಅದಕ್ಕೇ 'ಕನಕ' ಸೇರಿಸಿ ಹೇಳುವ ರೂಢಿ. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ ಒಂದೇ ಖನಿಜ: ಕುರುವಿಂದ, ಇಂಗ್ಲಿಷಿನಲ್ಲಿ ಕೊರಂಡಮ್. ನಮ್ಮ ಮೈಸೂರು ಸೀಮೆಯಲ್ಲೂ ಸಿಗುವ, ಸಾಣೆ ಹಿಡಿಯಲು ಬಳಸುವ ಕುರುಂದದ ಕಲ್ಲಿನ ಬಳಗವೇ ಇದು. ಕುರುವಿಂದ ಗಡಸು, ಮೋಹ್ಸ್ ಅಳತೆಯಲ್ಲಿ 9. ಸಾಂದ್ರತೆ ನೀರಿನ 4 ಪಟ್ಟು. ಟೋಪಾಜಿನದು 3.53, ಉತ್ತರದವರು ಸುನೆಹ್ಲಾ ಅಂತ ಮಾರುವ ಸಿಟ್ರಿನ್‌ನದು 2.65. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತವೆ. ವ್ಯಾಪಾರಿಗೆ ಬರೆಯುವಾಗ ಬರೀ "ಪುಷ್ಯರಾಗ" ಅನ್ನಬೇಡಿ. "ನ್ಯಾಚುರಲ್ ಯೆಲ್ಲೊ ಸಫೈರ್, ಕೊರಂಡಮ್" ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ.

'ನ್ಯಾಚುರಲ್' ಅನ್ನುವ ಪದವೂ ಅರ್ಧ ಉತ್ತರ ಮಾತ್ರ. ಕಲ್ಲು ಭೂಮಿಯಲ್ಲಿ ಹುಟ್ಟಿದ್ದು ಅಂತ ಅದು ಹೇಳುತ್ತದೆ. ಆಮೇಲೆ ಅದಕ್ಕೆ ಏನು ಮಾಡಿದರು ಅಂತ ಹೇಳುವುದಿಲ್ಲ. ಪೇಲವ ಕಲ್ಲನ್ನು ಬಿಸಿ ಮಾಡಿ ಬಣ್ಣ ಏರಿಸುವುದು ವ್ಯಾಪಾರದಲ್ಲಿ ಒಪ್ಪಿತ ಪದ್ಧತಿ. ಹೇಳಿ ಮಾರಿದರೆ ತಪ್ಪೇನಿಲ್ಲ, ಬೆಲೆ ಮಾತ್ರ ಕಾಯಿಸದ ಕಲ್ಲಿಗಿಂತ ಬಹಳ ಕಡಿಮೆ ಇರಬೇಕು. ತೊಂದರೆ ಇರುವುದು ಬೆರಿಲಿಯಮ್ ಕಲ್ಲುಗಳಲ್ಲಿ. 2001–02ರ ಹೊತ್ತಿಗೆ ಥಾಯ್ಲೆಂಡಿನಿಂದ ಇವು ಮಾರುಕಟ್ಟೆ ತುಂಬಿದವು. ಮೂಸೆಯಲ್ಲಿ ಸಫೈರ್ ಜೊತೆ ಕ್ರಿಸೊಬೆರಿಲ್ (ನಮ್ಮ ವೈಡೂರ್ಯದ ಖನಿಜವೇ) ಸೇರಿಸಿ ಸುಮಾರು 1800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಬೆರಿಲಿಯಮ್ ಕಲ್ಲಿನೊಳಗೆ ಇಳಿದು ಗಾಢ ಹಳದಿ, ಕಿತ್ತಳೆ ಬಣ್ಣ ಬರುತ್ತದೆ. ಎಷ್ಟೋ ಸಲ ಅದು ಕಲ್ಲಿನ ಉದ್ದಗಲಕ್ಕೂ ಹರಡಿರುತ್ತದೆ, ಲೂಪಿನಲ್ಲಿ (ಹರಳು ನೋಡುವ ಪುಟ್ಟ ಭೂತಗನ್ನಡಿ) ಕಾಣುವುದಿಲ್ಲ. ಖಚಿತವಾಗಿ ಹೇಳಲು ಲೇಸರ್‌ನಿಂದ ಕಣ ಕೆರೆದು ವಿಶ್ಲೇಷಿಸುವ ದೊಡ್ಡ ಯಂತ್ರವೇ ಬೇಕು. ಹಾಗಾಗಿ ಮಾವಿನ ರಸದಂಥ ಗಾಢ ಹಳದಿ, ಒಳಗೆ ಒಂದು ಚುಕ್ಕಿಯೂ ಇಲ್ಲದ 5 ಕ್ಯಾರೆಟ್ ಕಲ್ಲು ಅಗ್ಗಕ್ಕೆ ಬಂದರೆ, ಮೊದಲು ಬೆರಿಲಿಯಮ್ ಅಥವಾ ಭಟ್ಟಿಯ ಕಲ್ಲು ಅಂತಲೇ ಅನುಮಾನಿಸಿ. ಶ್ರೀಲಂಕಾದ ಕಾಯಿಸದ ಕಲ್ಲುಗಳು ಹೆಚ್ಚಾಗಿ ನಿಂಬೆ ಸಿಪ್ಪೆಯ ತಿಳಿಹಳದಿ.

ಇನ್ನು ಕೇಳಬೇಕಾದ ಅಂಕಿಗಳು. ಉದ್ದ, ಅಗಲ, ದಪ್ಪ ಮಿಲಿಮೀಟರಿನಲ್ಲಿ, ತೂಕ ಕ್ಯಾರೆಟ್‌ನಲ್ಲಿ ಎರಡು ದಶಮಾಂಶಕ್ಕೆ. ದಪ್ಪ ಹೇಳದ ವ್ಯಾಪಾರಿಯ ಹತ್ತಿರ ಮತ್ತೆ ಕೇಳಿ. ಮೊಟ್ಟೆಯಾಕಾರದ ಕಲ್ಲಾದರೆ ಲೆಕ್ಕ ಸುಲಭ: ಉದ್ದ × ಅಗಲ × ದಪ್ಪ × ಸಾಂದ್ರತೆ × 0.002. ಉದಾಹರಣೆಗೆ 9 × 7 × 4.5 ಮಿಲಿಮೀಟರ್ ಸಫೈರ್ ಇದ್ದರೆ 9 × 7 × 4.5 × 4 × 0.002, ಅಂದರೆ ಸುಮಾರು 2.27 ಕ್ಯಾರೆಟ್ ಬರಬೇಕು. ಅದೇ ಅಳತೆಯ ಸಿಟ್ರಿನ್ 1.50 ತೂಗುತ್ತದೆ, ಕ್ಯೂಬಿಕ್ ಜಿರ್ಕೋನಿಯಾ ಅನ್ನುವ ಕೃತಕ ಹರಳು 3.3ರ ಹತ್ತಿರ. ಈ ಸೂತ್ರ ಶೇ 10ರಷ್ಟು ಆಚೀಚೆ ಆಗುತ್ತದೆ. ತೂಕ ಉಳಿಸಲೆಂದು ಹೊಟ್ಟೆ ದಪ್ಪ ಬಿಟ್ಟು ಕೆತ್ತಿದ ಸಿಲೋನ್ ಕಲ್ಲು ಇನ್ನೂ ಸ್ವಲ್ಪ ಹೆಚ್ಚೇ ತೂಗುತ್ತದೆ. ಟೋಪಾಜ್ 2.00 ಬರುವುದರಿಂದ ಅದನ್ನು ಈ ಲೆಕ್ಕದಲ್ಲಿ ಗಟ್ಟಿಯಾಗಿ ಬೇರ್ಪಡಿಸಲಾಗದು. ಆದರೆ 2.27 ಬರಬೇಕಾದಲ್ಲಿ ವ್ಯಾಪಾರಿಯೇ 1.5 ಅಂತ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಹಣ ಕಳಿಸುವ ಮುಂಚೆಯೇ.

ರತ್ತಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರತ್ತಿ ಅಂದರೆ ನಮ್ಮ ಗುಲಗಂಜಿ. ಹಳೆಯ ಅಕ್ಕಸಾಲಿಗರ ಗುಲಗಂಜಿ ತೂಕ ಸುಮಾರು 0.12 ಗ್ರಾಂ, ಹರಳಿನ ವ್ಯಾಪಾರಿಗಳು 'ಪಕ್ಕಾ ರತ್ತಿ' ಅನ್ನುವುದು 0.182 ಗ್ರಾಂ, ಅಂದರೆ 0.91 ಕ್ಯಾರೆಟ್. ಐದು ರತ್ತಿ ಅಂದಾಗ ಮೊದಲ ಲೆಕ್ಕದಲ್ಲಿ ಮೂರು ಕ್ಯಾರೆಟ್, ಎರಡನೆಯದರಲ್ಲಿ ನಾಲ್ಕೂವರೆ. ಬೆಲೆಯನ್ನು ರತ್ತಿಗೆ ಇಷ್ಟು ಅಂತ ಹೇಳಿದರೆ 0.91ರಿಂದ ಭಾಗಿಸಿ ಕ್ಯಾರೆಟ್ ಬೆಲೆ ತೆಗೆಯಿರಿ. ರತ್ತಿಗೆ 9,100 ಅಂದರೆ ಕ್ಯಾರೆಟ್‌ಗೆ 10,000 ರೂಪಾಯಿ. ಇಬ್ಬರು ವ್ಯಾಪಾರಿಗಳ ಬೆಲೆ ಹೋಲಿಸುವಾಗ ಎರಡನ್ನೂ ಕ್ಯಾರೆಟ್‌ಗೆ ತಂದ ಮೇಲೆಯೇ ಹೋಲಿಸಿ. 1 ಕ್ಯಾರೆಟ್ ಅಂದರೆ ಎಲ್ಲೇ ಹೋದರೂ 0.2 ಗ್ರಾಂ.

ವಿಡಿಯೋ ಬೇಕು ಅಂತ ಕೇಳುವಾಗ ಹೇಗಿರಬೇಕು ಅಂತಲೂ ಹೇಳಿ. ಬೆಳಿಗ್ಗೆ ಹತ್ತರ ಹೊತ್ತು, ಬಿಸಿಲು ನೇರ ಬೀಳದ ಕಿಟಕಿ ಪಕ್ಕ, ಬಿಳಿ ಹಾಳೆಯ ಮೇಲೆ ಕಲ್ಲು, ಫಿಲ್ಟರ್ ಇಲ್ಲದೆ. ಆಮೇಲೆ ಅದೇ ಕಲ್ಲನ್ನು ಬೆರಳ ಸಂದಿನಲ್ಲಿ ಇಟ್ಟು ತಿರುಗಿಸಿ ತೋರಿಸಲಿ. ಬರೀ ಬೆಳಕಿಗೆ ಎತ್ತಿ ಹಿಡಿದು ಹಿಂದಿನಿಂದ ಹೊಳೆಯಿಸಿದ ವಿಡಿಯೋ ನೋಡಿ ಬಣ್ಣ ನಿರ್ಧರಿಸಬಾರದು. ಉಂಗುರದಲ್ಲಿ ಕೂತ ಮೇಲೆ ಹಿಂದಿನಿಂದ ಬೆಳಕು ಬರುವುದಿಲ್ಲ. ಕಲ್ಲನ್ನು ಅಚ್ಚಾದ ಅಕ್ಷರಗಳ ಮೇಲೆ ಮುಖ ಮೇಲಾಗಿ ಇಡಿಸಿ. ನಡುವಿನಲ್ಲಿ ಅಕ್ಷರ ಸಲೀಸಾಗಿ ಓದಲು ಬಂದರೆ ತಳ ಚಪ್ಪಟೆ ಅಂತ ಅರ್ಥ; ಆ ಜಾಗದಲ್ಲಿ ಹೊಳಪು ಬರುವುದಿಲ್ಲ, ಬೆಲೆ ಇಳಿಯಬೇಕು. ಕೊನೆಗೆ ತಕ್ಕಡಿಯ ಮೇಲೆ ಕಲ್ಲಿಟ್ಟು ಅಂಕಿ ಕಾಣುವ ಒಂದು ಫೋಟೋ. ಇಷ್ಟು ಕೇಳಿದರೆ ಬೇಸರಪಟ್ಟುಕೊಳ್ಳುವ ವ್ಯಾಪಾರಿ, ಕಲ್ಲು ವಾಪಸ್ ಕಳಿಸಿದರೆ ಇನ್ನೂ ಬೇಸರಪಟ್ಟುಕೊಳ್ಳುತ್ತಾರೆ.

ಲ್ಯಾಬ್ ವರದಿ ಇದ್ದರೆ ವರದಿಯ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ನೀವೇ ಟೈಪ್ ಮಾಡಿ ನೋಡಿ. ಕಾರ್ಡಿನ ಕ್ಯೂಆರ್ ಕೋಡ್ ಒತ್ತಿ ತೆರೆದ ಪುಟವನ್ನು ನಂಬಬೇಡಿ, ಅದು ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು. ತೂಕ, ಮೂರು ಅಳತೆ, ಆಕಾರ ಅಲ್ಲಿಯೂ ಇಲ್ಲಿಯೂ ಒಂದೇ ಇರಬೇಕು. ಅಸಲಿ ಕಲ್ಲಿನ ವರದಿ ಇಟ್ಟು ಬೇರೆ ಕಲ್ಲು ಕಳಿಸುವುದು ಹಳೆಯ ಮೋಸ, ಅದನ್ನು ಹಿಡಿಯುವುದು ಈ ಅಂಕಿಗಳೇ. ವರದಿಯಲ್ಲಿ 'ಕಾಮೆಂಟ್ಸ್' ಸಾಲನ್ನು ಬಿಡದೆ ಓದಿ: "ನೋ ಇಂಡಿಕೇಶನ್ ಆಫ್ ಹೀಟಿಂಗ್" ಅಂತಿದ್ದರೆ ಕಾಯಿಸಿದ ಗುರುತು ಕಾಣಲಿಲ್ಲ ಅಂತ. ಆ ಸಾಲೇ ಇಲ್ಲದ, ಬರೀ "ನ್ಯಾಚುರಲ್ ಯೆಲ್ಲೊ ಸಫೈರ್" ಅಂತ ಅಚ್ಚಾದ ಪ್ಲಾಸ್ಟಿಕ್ ಕಾರ್ಡು ಕಾಯಿಸಿದ್ದರ ಬಗ್ಗೆ ಏನನ್ನೂ ಹೇಳಿಲ್ಲ ಅಂತಲೇ ತಿಳಿಯಿರಿ. ಕಲ್ಲು ದುಬಾರಿಯಾದರೆ ನೀವೇ ಪರೀಕ್ಷೆಗೆ ಕಳಿಸಿ. ಜೈಪುರದಲ್ಲಿ ಹಿಂದೆ ಜಿಟಿಎಲ್ ಅಂತಿದ್ದ ಈಗಿನ ಐಐಜಿಜೆ ಲ್ಯಾಬ್, ಮುಂಬೈನಲ್ಲಿ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಇವೆ. ಬೆರಿಲಿಯಮ್ ಪರೀಕ್ಷೆ ಬೇಕಾದರೆ ಅದನ್ನು ಬೇರೆಯಾಗಿ ಕೇಳಬೇಕು.

ಹಣ ಕಟ್ಟುವ ಮುಂಚೆ ವಾಪಸಾತಿಯ ಮಾತು ಬರಹದಲ್ಲಿ ಆಗಲಿ. ಲ್ಯಾಬಿಗೆ ಹೋಗಿ ಬರಲು ದಿನ ಹಿಡಿಯುವುದರಿಂದ ಮೂರು ದಿನದ ವಾಪಸಾತಿ ಇದ್ದೂ ಇಲ್ಲದಂತೆ. ಕಲ್ಲು ಕೈಸೇರಿದ ಮೇಲೆ ಹತ್ತು ಹದಿನೈದು ದಿನ ಕೇಳಿ. ಸೀಲ್ ಹಾಕಿದ ಪೊಟ್ಟಣ ತೆರೆದರೆ ವಾಪಸ್ ಇಲ್ಲ ಅನ್ನುವ ಷರತ್ತಿದೆಯಾ ನೋಡಿ. ಬಿಲ್ಲಿನಲ್ಲಿ ಕಲ್ಲಿನ ಪೂರ್ತಿ ಹೆಸರು, ಕಾಯಿಸಿದ್ದೋ ಅಲ್ಲವೋ, ತೂಕ, ಅಳತೆ, ವರದಿ ನಂಬರ್ ಇರಲೇಬೇಕು. ಬಿಲ್ ಇದ್ದರೆ ಮುಂದೆ ದಾರಿಯಿದೆ: ಗ್ರಾಹಕ ಸಹಾಯವಾಣಿ 1915, ಮತ್ತು 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ವ್ಯಾಪಾರಿ ಜೈಪುರದಲ್ಲಿದ್ದರೂ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಶ್ರೀಲಂಕಾದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಯಾರ ತಲೆಗೆ ಅಂತ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಶುರು ಮಾಡಿ ಕಲ್ಲು ತಕ್ಕಡಿ ಮೇಲೆ ಕೂರುವ ತನಕ ಒಂದೇ ಓಟದ ವಿಡಿಯೋ ತೆಗೆಯಿರಿ, ನಡುವೆ ನಿಲ್ಲಿಸಬೇಡಿ. ಆಮೇಲೆ ನೀರಿನ ಪರೀಕ್ಷೆ. ಇದಕ್ಕೆ 0.001 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು, 0.01ರದು ಸಣ್ಣ ಕಲ್ಲಿಗೆ ಸಾಲದು. ಒಣಗಿದ ಕಲ್ಲನ್ನು ಗ್ರಾಂನಲ್ಲಿ ತೂಗಿ ಬರೆದಿಡಿ. ಒಂದು ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ (ಗುಳ್ಳೆ ಕಲ್ಲಿಗೆ ಅಂಟಿಕೊಳ್ಳದಿರಲಿ ಅಂತ), ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲನ್ನು ತೆಳು ನೈಲಾನ್ ಎಳೆಯಿಂದ ಕಟ್ಟಿ, ತಳಕ್ಕೂ ಗೋಡೆಗೂ ತಾಕದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ನೇತುಹಾಕಿ. ಕೈಯಲ್ಲಿ ಹಿಡಿದರೆ ಅಂಕಿ ನಿಲ್ಲುವುದಿಲ್ಲ, ಎರಡು ಡಬ್ಬದ ಮೇಲೆ ಸ್ಕೇಲ್ ಅಡ್ಡ ಇಟ್ಟು ಅದಕ್ಕೆ ಎಳೆ ಕಟ್ಟಿ. ಈಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಒಣ ತೂಕ 0.454 ಗ್ರಾಂ ಇದ್ದು ನೀರಿನ ಅಂಕಿ 0.113–0.114 ಬಂದರೆ 4.00, ಕುರುವಿಂದ, 0.129 ಬಂದರೆ ಟೋಪಾಜ್; 0.171 ಬಂದರೆ ಸಿಟ್ರಿನ್. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 3.6, 3.7 ಅಂತ ಬಂದರೆ ಹೆದರುವ ಮುಂಚೆ ಗುಳ್ಳೆ ಅಂಟಿದೆಯಾ ನೋಡಿ. ನೆನಪಿರಲಿ, ಭಟ್ಟಿಯಲ್ಲಿ ಬೆಳೆಸಿದ ಸಫೈರೂ ಕುರುವಿಂದವೇ, ಅದಕ್ಕೂ 4.00 ಬರುತ್ತದೆ.

ಭಟ್ಟಿಯ ಕಲ್ಲನ್ನು ಹಿಡಿಯಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಬೇಕು. ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ಮೊಣಕೈ ಮೇಜಿಗೆ ಊರಿ, ಕಲ್ಲನ್ನು ಚಿಮಟದಲ್ಲಿ ಹತ್ತಿರ ತನ್ನಿ. ಭೂಮಿಯ ಕಲ್ಲಿನಲ್ಲಿ ಬೆರಳಚ್ಚಿನಂಥ ಸಣ್ಣ ಹನಿಗಳ ಪರದೆ, ರೇಷ್ಮೆ ಎಳೆಯಂತೆ ಒಂದನ್ನೊಂದು ಅಡ್ಡ ಹಾಯುವ ಸೂಜಿಗಳು, ನೇರ ಗೆರೆಯ ಬಣ್ಣದ ಪಟ್ಟಿ ಕಾಣಬಹುದು. ಸೂಜಿಗಳು ಮುರಿದು ಚುಕ್ಕಿ ಚುಕ್ಕಿಯಾಗಿದ್ದರೆ ಕಾಯಿಸಿರಬಹುದು. ದುಂಡು ಗಾಳಿಗುಳ್ಳೆ, ಬಾಗಿದ ಗೆರೆ ಕಂಡರೆ ಭಟ್ಟಿಯದು. ಹಳದಿ ಕಲ್ಲಿನಲ್ಲಿ ಬಾಗಿದ ಗೆರೆ ಕಾಣುವುದು ಬಹಳ ಕಷ್ಟ. ಕಲ್ಲಿನ ಹಿಂದೆ ನೀಲಿ ಪಾರದರ್ಶಕ ಹಾಳೆ ಇಟ್ಟು ನೋಡಿದರೆ ಸ್ವಲ್ಪ ಮೇಲು. ಒಳಗೆ ಏನೂ ಕಾಣದಿದ್ದರೆ ಖುಷಿಪಡಬೇಡಿ, ಅಂಥ ಕಲ್ಲನ್ನೇ ಲ್ಯಾಬಿಗೆ ಕಳಿಸಬೇಕು. ಜೊತೆಗೆ ಎರಡು ಮೂರು ದಿನ ಬಿಸಿಲು ಬೀಳುವ ಕಿಟಕಿಯಲ್ಲಿಡಿ, ಇಡುವ ಮುಂಚೆ ಮತ್ತು ಆಮೇಲೆ ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹೋಲಿಸಿ. ವಿಕಿರಣ ಕೊಟ್ಟು ಹಳದಿ ಮಾಡಿದ ಸಫೈರಿನ ಬಣ್ಣ ಬಿಸಿಲಿಗೆ ಇಳಿದುಬಿಡುತ್ತದೆ.

ಈ ಅಳತೆಯ ಕ್ರಮ ಬೇರೆ ಹರಳಿಗೂ ನಡೆಯುತ್ತದೆ, ಸಾಂದ್ರತೆ ಬದಲಾಗುತ್ತದೆ ಅಷ್ಟೆ: ಪಚ್ಚೆ 2.72, ವೈಡೂರ್ಯ 3.73, ಗೋಮೇಧಿಕ 3.65ರ ಸುತ್ತ. ಪಚ್ಚೆಗೆ ಎಣ್ಣೆ ಕುಡಿಸಿರುತ್ತಾರೆ, ಅದನ್ನು ಸೋಪಿನ ನೀರಿಗೆ ಹಾಕಬೇಡಿ, ಬರೀ ತಣ್ಣೀರು ಸಾಕು. ಅಗ್ಗದ ದೊಡ್ಡ ಮಾಣಿಕ್ಯಗಳ ಬಿರುಕಿಗೆ ಸೀಸದ ಗಾಜು ತುಂಬಿರುತ್ತಾರೆ. ಅಲ್ಲಾಡಿಸಿದಾಗ ಬಿರುಕಿನಲ್ಲಿ ನೀಲಿ ಮಿಂಚು ಹಾಯ್ದರೆ ಅದೇ.

ಆಚಾರ್ರ ಕೈಗೆ ಕೊಡುವುದು ಇದೆಲ್ಲ ಮುಗಿದ ಮೇಲೆ; ಒಮ್ಮೆ ಉಂಗುರಕ್ಕೆ ಕೂರಿಸಿದ ಕಲ್ಲನ್ನು ಯಾವ ವ್ಯಾಪಾರಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೊಡುವಾಗ ಅವರೆದುರೇ ತೂಗಿ, ತೂಕ ಅಳತೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಸುಗೆ, ತೇಜಾಬಿನ ಕೆಲಸವೆಲ್ಲ ಮುಗಿದು ಉಂಗುರ ತಣ್ಣಗಾದ ಮೇಲೆಯೇ ಕಲ್ಲು ಕೂರಿಸಲು ಹೇಳಿ. ಗಾಜು ತುಂಬಿದ ಮಾಣಿಕ್ಯವಾದರೆ ಬೆಂಕಿ, ಆಸಿಡ್ ಎರಡೂ ತಾಕಲೇಬಾರದು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಗಾಜು ಕರಗಿ ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ.